ಬಣ್ಣದ ಕೆಳಗಿನ ಪದರ

ಮೋಟಾರು ಗಾಡಿಯ ತಗಡಿಗೆ ಬಣ್ಣ ಸಿಂಪಡಿಸುವ ಮೊದಲು ನಡೆಯುವ ಸಿದ್ಧತೆಯನ್ನು ಕುರಿತು ಇತಿಹಾಸದ ಅಧ್ಯಾಪಕನೊಬ್ಬನು ಲೇಖನ ಬರೆಯುವುದನ್ನು ಕಂಡು ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾಗಬಹುದು. ಶಾಸನಗಳೂ ಬಸದಿಗಳೂ ಕೋಟೆಗಳೂ ಧಾರಾಳವಾಗಿರುವ ಬೆಳಗಾವಿಯಂಥ ಸೀಮೆಯಲ್ಲಿ ಇಂಥದೊಂದು ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ವಾಸವಾಗಿರುವ ರಾಮತೀರ್ಥ ನಗರಕ್ಕೆ ಸಮೀಪದಲ್ಲಿಯೇ, ಕಣಬರ್ಗಿಯ ಮಗ್ಗುಲಿಗೆ, ಆಟೋ ನಗರವೆಂಬ ಕೈಗಾರಿಕಾ ಪ್ರದೇಶವಿದೆ. ಲಾರಿ, ಕಾರುಗಳ ದುರಸ್ತಿಯ ಸದ್ದು, ಥಿನ್ನರಿನ ವಾಸನೆ ಅಲ್ಲಿ ಹಗಲೆಲ್ಲ ತುಂಬಿರುತ್ತವೆ. ದಿನವೂ ಆ ದಾರಿಯಲ್ಲಿ ಹೋಗಿಬರುತ್ತಿದ್ದರೂ ಅಲ್ಲಿ ನಡೆಯುವ ಕೆಲಸದಲ್ಲಿ ಇತಿಹಾಸದ ವಿದ್ಯಾರ್ಥಿಯು ಕಲಿಯಬೇಕಾದುದು ಏನಾದರೂ ಉಂಟೆಂದು ನನಗೆ ಎಂದೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ನಮ್ಮ ಮನೆಯದೇ ಒಂದು ನಷ್ಟ.

ತಂದೆಯವರು ಬಳಸಿಕೊಂಡು ಬಂದ ಪ್ರೀಮಿಯರ್ ಪದ್ಮಿನಿ ಕಾರೊಂದು ನಮ್ಮ ಮನೆಯಲ್ಲಿದೆ. ಮುಂಬಯಿಯ ಕುರ್ಲಾದಲ್ಲಿ ಈ ಗಾಡಿಯ ತಯಾರಿಕೆಯು ನಿಂತು ಎರಡು ದಶಕಗಳು ಮೀರಿದವು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ನಡುವೆ, ಊರಿನ ಒಂದು ಕಾರ್ಯಾಗಾರದಲ್ಲಿ ಅದಕ್ಕೆ ಬಿಳಿಯ ಬಣ್ಣ ಹೊಡೆಸಿದೆವು. ಮನೆಗೆ ಬಂದ ದಿನ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಲವೇ ವಾರಗಳಲ್ಲಿ ಬಾಗಿಲುಗಳ ಬಿಳುಪು ನಸುಗೆಂಪಿಗೆ ತಿರುಗಿತು. ದೀಪಾವಳಿಯ ಹೊತ್ತಿಗೆ ಬಾನೆಟ್ಟಿನ ಮೇಲೆ ಸಾಸಿವೆ ಕಾಳಿನ ಗಾತ್ರದ ಗುಳ್ಳೆಗಳೆದ್ದವು. ಬಣ್ಣವೇ ಕಳಪೆಯೆಂದು ತೀರ್ಮಾನಿಸಿ, ಬೈಯುತ್ತಲೇ ಗಾಡಿಯನ್ನು ಆಟೋ ನಗರದ ಹಿರಿಯ ಬಣ್ಣಗಾರರೊಬ್ಬರ ಬಳಿಗೆ ಒಯ್ದೆನು. ಅವರು ಒಂದು ಗುಳ್ಳೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, “ಸರ, ಇದು ಬಣ್ಣದ ತಪ್ಪಲ್ರಿ. ಒಳಗಿಂದು ಮ್ಯಾಲ ಬಂದೈತಿ” ಎಂದರು.

ಅನಂತರ ಅವರು ಮಾಡಿದ ಕೆಲಸವೇ ಈ ಲೇಖನಕ್ಕೆ ಮೂಲ. ಅಂಗೈಯಗಲದಷ್ಟು ಜಾಗವನ್ನು ಪಾಲಿಶ್ ಪೇಪರಿನಿಂದ ಇಳಿಜಾರಾಗಿ ಉಜ್ಜುತ್ತ ಹೋದಂತೆ, ಮರದ ದಿಮ್ಮಿಯನ್ನು ಅಡ್ಡ ಕೊಯ್ದಾಗ ಕಾಣುವ ಬಳೆಗಳಂತೆ, ಒಂದರೊಳಗೊಂದು ಬಣ್ಣದ ಬಳೆಗಳು ಮೂಡಿಬಂದವು. ಹೊರಗಿನಿಂದ ಒಳಗೆ ಬಿಳಿ, ಬೂದು, ಕಡುಗೆಂಪು, ಹಳದಿಗಟ್ಟಿದ ಪುಟ್ಟಿ, ಕೆನೆಬಣ್ಣ, ಮತ್ತೆ ಕಪ್ಪುಬೂದು, ಕಡೆಗೆ ಉಕ್ಕು. ಒಟ್ಟು ಏಳು. ಬೆಳಗಾವಿಯ ವಡಗಾಂವ-ಮಾಧವಪುರದ ಉತ್ಖನನದಲ್ಲಿ ಶಾತವಾಹನ ಕಾಲದ ನೆಲೆಯು ಬೆಳಕಿಗೆ ಬಂದ ಸಂಗತಿಯನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಸ್ತರಗಳ ಅನುಕ್ರಮವೆಂದರೇನೆಂದು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತೇವೆ. ಅದೇ ಪಾಠವು ನಮ್ಮ ಮನೆಯ ಗಾಡಿಯ ಬಾಗಿಲಿನ ಮೇಲೆ ಇಷ್ಟು ದಿನ ಇದ್ದಿತು! ಕೆನೆಬಣ್ಣವು ಕಾರಖಾನೆಯದು. ಕಡುಗೆಂಪು ನಡುವೆ ಯಾರೋ ಹೊಡೆಸಿದುದು. ಈ ಕಡುಗೆಂಪಿಗೂ ಹೊಸ ಬಿಳುಪಿಗೂ ನಡುವೆ ಇರಬೇಕಾಗಿದ್ದ ಒಂದು ಪದರವು ಇರಲೇ ಇಲ್ಲ. ಆ ಇಲ್ಲದ ಪದರವನ್ನು ಕುರಿತೇ ಇಲ್ಲಿ ಮುಖ್ಯವಾಗಿ ಹೇಳಬೇಕಾಗಿದೆ.

ಮೊದಲಿಗೆ ಪ್ರೈಮರ್ ಎಂಬುದರ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಹೆಸರು ಒಂದೇ ಆದರೂ ಅದರಲ್ಲಿ ಎರಡು ಬಗೆಗಳುಂಟು. ಒಂದು, ಉಕ್ಕಿಗೆ ಅಂಟಿಕೊಂಡು ತುಕ್ಕನ್ನು ತಡೆಯುವಂಥದು. ಹಳೆಯ ಕಾಲದ ಕೆಂಪು ಆಕ್ಸೈಡ್, ಈಗಿನ ಎಪಾಕ್ಸಿ ಮೊದಲಾದವು ಈ ಜಾತಿಯವು. ಇನ್ನೊಂದು, ಗೀರು ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ಸಮಗೊಳಿಸುವಂಥದು. ಇದನ್ನು ಸರ್ಫೇಸರ್ ಎನ್ನುತ್ತಾರೆ. ಈ ಎರಡನೆಯದರಲ್ಲಿ ಪುಡಿ ಹೆಚ್ಚು, ಅಂಟು ಕಡಿಮೆ. ಆದ್ದರಿಂದಲೇ ಅದು ಸುಲಭವಾಗಿ ಉಜ್ಜಲು ಬರುತ್ತದೆ, ಮತ್ತು ಆದ್ದರಿಂದಲೇ ಅದು ಹಸಿಮಡಕೆಯಂತೆ ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತದೆ. ಪ್ರೈಮರ್ ಬಳಿದ ತಗಡು ಮಳೆ ಗಾಳಿಗಳಿಂದ ಸುರಕ್ಷಿತವಾಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು ಕಲ್ಪನೆ. ಸರ್ಫೇಸರ್ ಮಾತ್ರ ಬಳಿದು ಅಂಗಳದಲ್ಲಿ ನಿಲ್ಲಿಸಿದ ಗಾಡಿಯು ನೀರನ್ನು ಕುಡಿಯುತ್ತಲೇ ಇರುತ್ತದೆ.

ಅಂಗಡಿಯಿಂದ ತಂದ ಹೊಸ ಬಾಗಿಲು, ಹೊಸ ಮಡ್‌ಗಾರ್ಡುಗಳ ಮೇಲೆ ಕಪ್ಪು ಲೇಪವೊಂದು ಇದ್ದೇ ಇರುತ್ತದೆ. ಕೆಲವು ತಗಡುಗಳಲ್ಲಿ ಅದು ಕಾರಖಾನೆಯ ತೊಟ್ಟಿಯಲ್ಲಿ ಅದ್ದಿ ಬೇಯಿಸಿದ ಗಟ್ಟಿಯಾದ ತಳಲೇಪ. ಇನ್ನು ಕೆಲವುಗಳಲ್ಲಿ ಸಾಗಾಟದ ಕಾಲದಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ಅಗ್ಗದ ಬಣ್ಣ. ನೋಡಲು ಎರಡೂ ಒಂದೇ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಮೂಲೆಯನ್ನು ತಿಕ್ಕಿದರೆ ಭೇದವು ಹೊರಬೀಳುತ್ತದೆ. ಬಟ್ಟೆ ಕಪ್ಪಾದರೆ ಆ ಲೇಪವನ್ನು ಪೂರ್ತಿ ತೆಗೆದುಹಾಕಬೇಕು. ಕಪ್ಪಾಗದಿದ್ದರೆ ಮೇಲ್ಮೈಯ ಹೊಳಪನ್ನು ಮಾತ್ರ ಮುರಿದು, ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ಸಿದ್ಧತೆಯ ಮೊದಲನೆಯ ಹೆಜ್ಜೆ ಉಜ್ಜುವುದಲ್ಲ, ತೊಳೆಯುವುದು. ಇಲ್ಲಿ ಕ್ರಮ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಮೇಣ, ಗ್ರೀಸು, ಪಾಲಿಶಿನ ಅಂಶ ಉಳಿದಿರುವಾಗಲೇ ಉಜ್ಜಲು ತೊಡಗಿದರೆ ಕಾಗದವು ಆ ಜಿಡ್ಡನ್ನು ಗೀರುಗಳೊಳಕ್ಕೆ ಒತ್ತಿ ತುಂಬುತ್ತದೆ. ಬಳಿಕ ಸಿಂಪಡಿಸಿದ ಬಣ್ಣವು ಕೆಸುವಿನೆಲೆಯ ಮೇಲಿನ ನೀರಿನಂತೆ ಅಲ್ಲಲ್ಲಿ ಸರಿದು, ಮೀನಿನ ಕಣ್ಣಿನಂಥ ಸಣ್ಣ ಕುಳಿಗಳು ಉಳಿಯುತ್ತವೆ. ಸಾಬೂನಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಜಿಡ್ಡು ತೆಗೆಯುವ ದ್ರಾವಕದಿಂದ ಒರಸಬೇಕು. ಒರಸಲು ಎರಡು ಬಟ್ಟೆಗಳು ಬೇಕು. ಒಂದರಿಂದ ದ್ರಾವಕವನ್ನು ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿಕೊಳ್ಳಬೇಕು. ಒಂದೇ ಬಟ್ಟೆಯಿಂದ ಒರಸುವವನು ಜಿಡ್ಡನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತಾನೆ, ಅಷ್ಟೆ.

ಪುಟ್ಟಿಯ ವಿಷಯವನ್ನು ಬೇಗ ಮುಗಿಸಬಹುದು. ತಗ್ಗು ಆಳವಾಗಿದ್ದರೆ ತಗಡನ್ನೇ ಬಡಿದು ಮಟ್ಟಕ್ಕೆ ತರಬೇಕು. ಪುಟ್ಟಿಯನ್ನು ದಪ್ಪವಾಗಿ ಮೆತ್ತಿ ಮುಚ್ಚಬಾರದು. ಗಟ್ಟಿಗೊಳಿಸುವ ದ್ರವ್ಯವನ್ನು ಬೆರಸಿ ಹಚ್ಚುವ ಈಗಿನ ಪುಟ್ಟಿಯಲ್ಲಿ ಟಾಲ್ಕ್ ಎಂಬ ಮೆದುಗಲ್ಲಿನ ಪುಡಿ ವಿಶೇಷವಾಗಿರುತ್ತದೆ. ಅದು ನೀರನ್ನು ಹೀರುವ ಸ್ವಭಾವದ್ದು. ಹಿಂದಿನ ಕಾಲದ ಲ್ಯಾಕರ್ ಪುಟ್ಟಿಯನ್ನು ನೀರು ಹಾಕಿ ಉಜ್ಜುವ ರೂಢಿಯಿದ್ದಿತು. ಪುಟ್ಟಿ ಬದಲಾಯಿತು, ಆದರೆ ಕೈ ಬದಲಾಗಲಿಲ್ಲ. ಇಂದಿಗೂ ಅನೇಕರು ಹೊಸ ಪುಟ್ಟಿಯನ್ನು ನೀರಿನಲ್ಲಿಯೇ ಉಜ್ಜುತ್ತಾರೆ, ಆ ನೀರು ಪ್ರೈಮರಿನ ಕೆಳಗೆ ಸೆರೆಯಾಗಿ ಉಳಿಯುತ್ತದೆ. ನಮ್ಮ ಬಾನೆಟ್ಟಿನ ಗುಳ್ಳೆಗಳಿಗೆ ಇದು ಒಂದು ಕಾರಣವಾಗಿದ್ದಿತು.

ಇನ್ನು ಉಜ್ಜುವಿಕೆ. ಕಾಗದದ ಸಂಖ್ಯೆ ಏರಿದಂತೆ ಅದರ ಕಣಗಳು ನಯವಾಗುತ್ತವೆ. ಪುಟ್ಟಿಗೆ 80, ಅನಂತರ 180, ಪ್ರೈಮರಿಗೆ 320, ಬಣ್ಣದ ಮೊದಲು ನೀರಿನಲ್ಲಿ 600, ಲೋಹದ ಹೊಳಪಿನ ಬಣ್ಣಗಳಿಗಾದರೆ 800. ಒಂದು ಸಂಖ್ಯೆಯಿಂದ ಬಹುದೂರದ ಇನ್ನೊಂದಕ್ಕೆ ಒಮ್ಮೆಗೇ ಹಾರಬಾರದು, ಏಕೆಂದರೆ ಹಿಂದಿನ ಕಾಗದದ ಗೀರುಗಳನ್ನು ಅಳಿಸುವುದಷ್ಟೇ ಮುಂದಿನ ಕಾಗದದ ಕೆಲಸ. ಮೇಲ್ಮೈಯ ಏರುತಗ್ಗುಗಳು ಒಂದೇ ಬಣ್ಣದ ಪ್ರೈಮರಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿ ಬೂದು ಪ್ರೈಮರಿನ ಮೇಲೆ ಕಪ್ಪು ಬಣ್ಣದ ತೆಳುಹನಿಗಳನ್ನು ದೂರದಿಂದ ಸಿಂಪಡಿಸಿ, ಮರದ ತುಂಡಿಗೆ ಸುತ್ತಿದ ಕಾಗದದಿಂದ ಉಜ್ಜುತ್ತಾರೆ. ಉಬ್ಬಿನ ಮೇಲಿನ ಕಪ್ಪು ಬೇಗ ಹೋಗುತ್ತದೆ, ತಗ್ಗಿನ ಕಪ್ಪು ಉಳಿಯುತ್ತದೆ. ಉಳಿದ ಕಪ್ಪೆಲ್ಲ ಹೋಗುವವರೆಗೆ ಉಜ್ಜಿದರೆ ಮೇಲ್ಮೈ ಸಮವಾಯಿತೆಂದು ಅರ್ಥ. ಇದು ಪುಸ್ತಕದಲ್ಲಿ ಬರೆಯಬಹುದಾದ ಉಪಾಯ. ಆದರೆ ಆ ಹಿರಿಯ ಬಣ್ಣಗಾರರು ಕಪ್ಪನ್ನು ಸಿಂಪಡಿಸದೆಯೇ, ಕಣ್ಣು ಮುಚ್ಚಿ, ಬೆರಳುಗಳನ್ನು ಚಾಚಿ, ಅಂಗೈಯನ್ನು ತಗಡಿನುದ್ದಕ್ಕೂ ಸವರಿ ತಗ್ಗಿನ ಅಂಚನ್ನು ತೋರಿಸಿಕೊಡುತ್ತಿದ್ದರು. ನಾನೂ ಸವರಿ ನೋಡಿದೆನು. ನನಗೆ ಏನೂ ತಿಳಿಯಲಿಲ್ಲ. ಹಸ್ತಪ್ರತಿಯ ಲಿಪಿಯನ್ನು ನೋಡಿದೊಡನೆ ಅದರ ಶತಮಾನವನ್ನು ಹೇಳುವ ವಿದ್ವಾಂಸರನ್ನು ನಾವು ಗೌರವಿಸುತ್ತೇವೆ. ಈ ಅಂಗೈಯ ಪಾಂಡಿತ್ಯವನ್ನು ದಾಖಲಿಸುವವರು ಮಾತ್ರ ಯಾರೂ ಇಲ್ಲ.

ಈಗ ತಗಡು ಸಮವಾಯಿತು, ನಯವಾಯಿತು. ನೋಡುವವರಿಗೆ ಕೆಲಸ ಮುಗಿದಂತೆಯೇ ತೋರುತ್ತದೆ. ಅವಸರದ ಕಾರ್ಯಾಗಾರಗಳಲ್ಲಿ ಮುಗಿಯುವುದೂ ಇಲ್ಲಿಯೇ. ಆದರೆ ಉಜ್ಜಿದ ತಗಡೆಂದರೆ, ಮೇಲೆ ಹೇಳಿದ ಬಳೆಗಳಂತೆ, ಹಲವು ಕಾಲದ ಹಲವು ದ್ರವ್ಯಗಳು ಒಂದೇ ಮಟ್ಟದಲ್ಲಿ ಮೈದೋರಿರುವ ಒಂದು ಕೂಟ. ಒಂದೆಡೆ ಬೇಯಿಸಿದ ಹಳೆಯ ಬಣ್ಣ, ಅದರ ಪಕ್ಕದಲ್ಲಿ ರಂಧ್ರಮಯವಾದ ಸರ್ಫೇಸರ್, ಮತ್ತೊಂದೆಡೆ ಪುಟ್ಟಿ, ನಡುವೆ ಬರಿಯ ಉಕ್ಕು. ಇವುಗಳ ಮೇಲೆ ನೇರವಾಗಿ ಬಣ್ಣ ಸಿಂಪಡಿಸಿದರೆ ಒಂದೊಂದೂ ಒಂದೊಂದು ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ. ರಂಧ್ರಮಯವಾದ ಭಾಗವು ಬಣ್ಣದೊಳಗಿನ ಅಂಟನ್ನು ಹೀರಿಕೊಳ್ಳುವುದರಿಂದ ಅಲ್ಲಿ ಹೊಳಪು ಇಂಗಿಹೋಗಿ ಮಂಕು ಕಲೆ ನಿಲ್ಲುತ್ತದೆ. ಹಳೆಯ ಲ್ಯಾಕರಿನ ಭಾಗವನ್ನು ಹೊಸ ಬಣ್ಣದ ಥಿನ್ನರ್ ಮೆತ್ತಗೆ ಮಾಡುತ್ತದೆ. ಉಜ್ಜಿದ ಗೀರುಗಳು ಅದರಿಂದ ಉಬ್ಬಿ, ಥಿನ್ನರ್ ಆರಿದ ಮೇಲೆ ಕುಗ್ಗಿ, ತಿಂಗಳೊಳಗಾಗಿ ಮೇಲಿನ ಬಣ್ಣದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಮೂರನೆಯದು ನಮ್ಮ ಗಾಡಿಗೆ ಒದಗಿದ ಗತಿ. ಕೆಲವು ಕೆಂಪು ವರ್ಣದ್ರವ್ಯಗಳು ಥಿನ್ನರಿನಲ್ಲಿ ಕರಗುವಂಥವು. ಮೇಲೆ ಬಿಳಿಯದನ್ನು ಸಿಂಪಡಿಸಿದಾಗ ಅದರ ಥಿನ್ನರ್ ಕೆಳಗಿನ ಕಡುಗೆಂಪಿಗೆ ಇಳಿದು, ಅಲ್ಲಿಯ ಕೆಂಪನ್ನು ಕರಗಿಸಿಕೊಂಡು ಮೇಲಕ್ಕೆ ತಂದಿತು. ಅದರ ಮೇಲೆ ಇನ್ನೆಷ್ಟು ಸಲ ಬಿಳಿ ಹೊಡೆದರೂ ಕೆಂಪು ಏರಿಬರುವುದೇ ಹೊರತು ನಿಲ್ಲುವುದಿಲ್ಲ.

ಇವೆಲ್ಲವನ್ನೂ ತಡೆಯುವುದು ಸೀಲರ್ ಎಂಬ ತೆಳುಪದರ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲವಾದುದರಿಂದ ಇಲ್ಲಿ ಮುಚ್ಚುಲೇಪವೆಂದು ಕರೆಯುತ್ತೇನೆ. ಸರ್ಫೇಸರಿನಲ್ಲಿ ಪುಡಿ ಹೆಚ್ಚಾಗಿರುವಂತೆ ಇದರಲ್ಲಿ ಅಂಟು ಹೆಚ್ಚು. ಇದು ತಗ್ಗು ತುಂಬುವುದಿಲ್ಲ, ಗೀರು ಮುಚ್ಚುವುದಿಲ್ಲ. ಕೆಳಗಿನ ಹಲವನ್ನು ಮೇಲಿನ ಬಣ್ಣಕ್ಕೆ ಒಂದಾಗಿ ತೋರಿಸುತ್ತದೆ. ಇದರ ದಪ್ಪ ಸುಮಾರು 25 ಮೈಕ್ರಾನು, ಅಂದರೆ ತಲೆಗೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ. ಇಂದು ಸಾಮಾನ್ಯವಾಗಿ ಎರಡು ಡಬ್ಬಿಗಳ ದ್ರವ್ಯವನ್ನು ಬೆರಸಿ ಮಾಡುವ ಎಪಾಕ್ಸಿಯನ್ನೇ ಇನ್ನಷ್ಟು ತೆಳುಮಾಡಿ ಇದಕ್ಕೆ ಉಪಯೋಗಿಸುತ್ತಾರೆ. ಒಮ್ಮೆ ಗಟ್ಟಿಯಾದ ಎಪಾಕ್ಸಿಯನ್ನು ಬಣ್ಣದ ಥಿನ್ನರ್ ಕರಗಿಸಲಾರದು. ಮುಚ್ಚುಲೇಪವನ್ನು ಉಜ್ಜುವುದಿಲ್ಲ. ಅದು ಆರಿ, ಆದರೆ ಪೂರ್ತಿ ಗಡುಸಾಗುವ ಮೊದಲೇ ಮೇಲಿನ ಬಣ್ಣ ಬೀಳಬೇಕು. ಆಗ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಈ ಅವಧಿಯು ದ್ರವ್ಯದಿಂದ ದ್ರವ್ಯಕ್ಕೆ ಬೇರೆಯಾಗಿರುವುದರಿಂದ ಡಬ್ಬಿಯ ಮೇಲಿನ ಸೂಚನೆಯನ್ನು ಓದದೆ ಗತಿಯಿಲ್ಲ. ಅವಧಿ ಮೀರಿದರೆ ಹಗುರವಾಗಿ ಉಜ್ಜಿ ಮತ್ತೊಮ್ಮೆ ಬಳಿಯಬೇಕು. ಊಟಕ್ಕೆ ಹೋಗಿ ನಾಳೆ ಬಂದು ನೋಡೋಣವೆಂಬ ಮಾತು ಇಲ್ಲಿ ಸಲ್ಲದು.

ಎಪಾಕ್ಸಿ ಬರುವ ಮೊದಲು ಇಂಥ ಕೆಲಸಕ್ಕೆ ಒದಗುತ್ತಿದ್ದ ದ್ರವ್ಯಗಳಲ್ಲಿ ನಮ್ಮ ಅರಗೂ ಒಂದು. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಎಣ್ಣೆಯಲ್ಲಿಯಾಗಲಿ ಟರ್ಪೆಂಟೈನಿನಲ್ಲಿಯಾಗಲಿ ಕರಗುವುದಿಲ್ಲ. ಆದುದರಿಂದ ಎಣ್ಣೆಬಣ್ಣಕ್ಕೂ ಅದರ ಕೆಳಗಿನ ಮರಕ್ಕೂ ನಡುವೆ ಅರಗಿನ ಪದರವಿದ್ದರೆ ಮರದ ಗಂಟಿನ ರಾಳವು ಮೇಲೆ ಬರಲಾರದು. ಬಡಗಿಗಳು ಇಂದಿಗೂ ಗಂಟಿನ ಮೇಲೆ ಅರಗಿನ ದ್ರಾವಣವನ್ನು ಸವರುವುದು ಇದಕ್ಕಾಗಿಯೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರಖಾನೆಗೆ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಹೆಸರಿಟ್ಟುದರಲ್ಲಿ ಅರಗೇ ಮೊದಲು ಬಂದಿರುವುದನ್ನು ಗಮನಿಸಬೇಕು. 1962ರಿಂದ ಚುನಾವಣೆಗಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸಿ ಪ್ರಸಿದ್ಧವಾದ ಸಂಸ್ಥೆಯೂ ಇದೇ.

ನಮ್ಮ ಸೀಮೆಯ ಮಳೆಗಾಲವನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಹೊರದೇಶದ ಕೈಪಿಡಿಗಳಲ್ಲಿ ಅದು ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಾವಿಯ ಗಾಳಿ ಒದ್ದೆಯಾಗಿಯೇ ಇರುತ್ತದೆ. ಸಹ್ಯಾದ್ರಿಯ ಅಂಚಿನ ಖಾನಾಪುರದಲ್ಲಂತೂ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಇಂಥ ಗಾಳಿಯಲ್ಲಿ ಲ್ಯಾಕರ್ ಸಿಂಪಡಿಸಿದರೆ ಥಿನ್ನರ್ ವೇಗವಾಗಿ ಆವಿಯಾಗುತ್ತ ತಗಡನ್ನು ತಂಪುಗೊಳಿಸುತ್ತದೆ. ಹೊಸ ಮಡಕೆಯ ಹೊರಮೈ ತಂಪಾಗುವುದೂ ಇದೇ ನ್ಯಾಯದಿಂದ. ತಂಪಾದ ಮೇಲ್ಮೈಯ ಮೇಲೆ ಗಾಳಿಯ ತೇವವು ಕೂಡಿಕೊಂಡು ಬಣ್ಣವು ಹಾಲಿನಂತೆ ಬೆಳ್ಳಗಾಗುತ್ತದೆ. ಸಾವಕಾಶವಾಗಿ ಆವಿಯಾಗುವ ಥಿನ್ನರನ್ನು ಬಳಸುವುದು ಇದಕ್ಕೆ ಪರಿಹಾರ. ಕಂಪ್ರೆಸರಿನ ತೊಟ್ಟಿಯಲ್ಲಿ ಕೂಡುವ ನೀರನ್ನು ಬೆಳಿಗ್ಗೆ ಸಂಜೆ ಹೊರಬಿಡದಿದ್ದರೆ ಅದು ಗಾಳಿಯೊಡನೆ ಬಣ್ಣದಲ್ಲಿ ಸೇರುತ್ತದೆ. ಇವೆರಡಕ್ಕಿಂತ ಕಪಟವಾದುದು ಉಪ್ಪು. ಕೊಳವೆಬಾವಿಯ ಗಡಸುನೀರು ಹಾಕಿ ಉಜ್ಜಿ, ಒರಸದೆ ಹಾಗೆಯೇ ಆರಲು ಬಿಟ್ಟರೆ ಲವಣದ ಸಣ್ಣ ಚುಕ್ಕೆಗಳು ಪ್ರೈಮರಿನ ಮೇಲೆ ಉಳಿಯುತ್ತವೆ. ಬೆವರಿದ ಬೆರಳಿನ ಗುರುತೂ ಉಪ್ಪೇ. ಬಣ್ಣದ ಪೊರೆಯು ನೀರನ್ನು ತಡೆದರೂ ನೀರಿನ ಆವಿಯನ್ನು ಪೂರ್ತಿಯಾಗಿ ತಡೆಯಲಾರದು. ಒಳಗೆ ಸೇರಿದ ಆವಿಯನ್ನು ಉಪ್ಪು ಎಳೆದುಕೊಂಡು ನೀರಾಗಿಸುತ್ತದೆ, ಆ ನೀರು ಪೊರೆಯನ್ನು ಮೇಲಕ್ಕೆತ್ತಿ ಗುಳ್ಳೆಯಾಗುತ್ತದೆ. ನಮ್ಮ ಬಾನೆಟ್ಟಿನ ಎರಡು ಗುಳ್ಳೆಗಳು ಸಾಲಾಗಿ, ಬೆರಳಿಟ್ಟಂತೆಯೇ ಇದ್ದವು. ಯಾರ ಬೆರಳೋ ತಿಳಿಯದು. ಆ ಸಾಲನ್ನು ನೋಡಿ ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

ಈ ಕ್ರಮದ ಇತ್ತೀಚಿನ ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಮೊದಮೊದಲ ಮೋಟಾರು ಗಾಡಿಗಳಿಗೆ ಕುದುರೆಸಾರೋಟುಗಳ ಬಣ್ಣಗಾರರೇ ಬಣ್ಣ ಬಳಿದರು. ಎಣ್ಣೆಯ ವಾರ್ನಿಷನ್ನು ಪದರ ಪದರವಾಗಿ ಹಚ್ಚಿ, ಪ್ರತಿಯೊಂದನ್ನೂ ಆರಿಸಿ ಉಜ್ಜುವ ಆ ಕ್ರಮಕ್ಕೆ ಎರಡರಿಂದ ನಾಲ್ಕು ವಾರಗಳು ಹಿಡಿಯುತ್ತಿದ್ದವು. ಸಾವಿರಾರು ಗಾಡಿಗಳನ್ನು ತಯಾರಿಸುವ ಕಾರಖಾನೆಗೆ ಅವು ಒಣಗುವವರೆಗೆ ಇಡಲು ಜಾಗವೇ ಸಾಲದಾಯಿತು. 1924ರ ಮಾದರಿಯ ಓಕ್ಲೆಂಡ್ ಗಾಡಿಗಳ ಮೇಲೆ ಡ್ಯೂಪಾಂಟ್ ಸಂಸ್ಥೆಯ ಡ್ಯೂಕೋ ಎಂಬ ಬೇಗ ಆರುವ ಲ್ಯಾಕರನ್ನು ಜನರಲ್ ಮೋಟಾರ್ಸ್ ಪ್ರಯೋಗಿಸಿದ ಮೇಲೆ ವಾರಗಳ ಕೆಲಸವು ದಿನಗಳಿಗೆ, ಮುಂದೆ ಗಂಟೆಗಳಿಗೆ ಇಳಿಯಿತು. ನಮ್ಮ ಪೀಠೋಪಕರಣದ ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ ‘ಡ್ಯೂಕೋ ಪೇಂಟು’ ಎಂಬ ಮಾತಿನ ಮೂಲ ಇದೇ. ಸರಿಸುಮಾರು ಅದೇ ವರ್ಷಗಳಲ್ಲಿ ಅಮೆರಿಕದ ತ್ರೀಎಂ ಸಂಸ್ಥೆಯಿಂದ ಎರಡು ಸಣ್ಣ ವಸ್ತುಗಳು ಹೊರಬಂದವು. 1921ರಲ್ಲಿ ಫ್ರಾನ್ಸಿಸ್ ಓಕಿ ಎಂಬಾತನ ನೀರಿಗೆ ಹಾಳಾಗದ ಉಜ್ಜುಕಾಗದ, 1925ರಲ್ಲಿ ರಿಚರ್ಡ್ ಡ್ರೂ ಎಂಬಾತನ ಮಾಸ್ಕಿಂಗ್ ಟೇಪು. ಎರಡು ಬಣ್ಣದ ಗಾಡಿಗಳ ಗಡಿರೇಖೆಯನ್ನು ಕೆಡಿಸಿಕೊಂಡು ಬೈಯುತ್ತಿದ್ದ ಬಣ್ಣಗಾರರನ್ನು ನೋಡಿ ಡ್ರೂ ಅದನ್ನು ಯೋಚಿಸಿದನು. ಓಕಿಯ ಕಾಗದದಿಂದ ಸೀಸಬೆರೆತ ಧೂಳು ಕೆಲಸಗಾರನ ಮೂಗಿಗೆ ಹೋಗುವುದು ಎಷ್ಟೋ ತಗ್ಗಿತು. 1960ರ ದಶಕದಲ್ಲಿ ಫೋರ್ಡ್ ಸಂಸ್ಥೆಯು ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ತಳಲೇಪವನ್ನು ಕೂಡಿಸುವ ಕ್ರಮವನ್ನು ಬಳಕೆಗೆ ತಂದಿತು. ಅಂದಿನಿಂದ ಕಾರಖಾನೆಯ ಬಣ್ಣಕ್ಕೂ ದುರಸ್ತಿಗಾರನ ಬಣ್ಣಕ್ಕೂ ದಾರಿ ಬೇರೆಯಾಯಿತು. ಕಾರಖಾನೆಯಲ್ಲಿ ಯಂತ್ರವು ಮಾಡುವುದನ್ನು ಆಟೋ ನಗರದಲ್ಲಿ ಕೈ ಮಾಡಬೇಕಾಗಿದೆ.

ಇಲ್ಲಿಯವರೆಗೆ ಹೇಳಿದುದನ್ನೆಲ್ಲ ಹೊಸ ಕಾಲದ ವಿದ್ಯೆಯೆಂದು ನಾನೂ ತಿಳಿದಿದ್ದೆನು. ಪ್ರೈಮರಿಗೆ ಆ ಹಿರಿಯರು ‘ಅಸ್ತರ’ ಎನ್ನುತ್ತಿದ್ದುದು ನನ್ನ ಗಮನವನ್ನು ಬೇರೆ ಕಡೆಗೆ ಸೆಳೆಯಿತು. ದರ್ಜಿಗಳು ಕೋಟಿನ ಒಳಬಟ್ಟೆಗೆ ಹೇಳುವ ಈ ಪಾರಸಿ ಶಬ್ದವು ಬಣ್ಣಗಾರರಲ್ಲಿಯೂ ಇರುವುದೆಂದರೆ, ಗಾಡಿಗಳಿಗಿಂತ ಮೊದಲು ಗೋಡೆಗೂ ಮರಕ್ಕೂ ಇದೇ ಕೆಲಸ ನಡೆಯುತ್ತಿದ್ದಿರಬೇಕು. ಗೋಡೆಯ ಮಾತು ಬಂದೊಡನೆ ನೆನಪಾದುದು ‘ಮಾನಸೋಲ್ಲಾಸ’. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದ ಮೂರನೆಯ ವಿಂಶತಿಯಲ್ಲಿ ಚಿತ್ರಕರ್ಮದ ನಿರೂಪಣೆಯಿದೆ. ನಮ್ಮ ಸೀಮೆಯ ಸವದತ್ತಿಯ ರಟ್ಟರೂ, ಖಾನಾಪುರ ತಾಲೂಕಿನ ಹಲಸಿಯನ್ನು ಆಳಿದ ಗೋವೆಯ ಕದಂಬರೂ ಆ ಚಾಳುಕ್ಯರ ಮಾಂಡಲಿಕರು. ವಿದ್ಯಾರ್ಥಿಗಳಿಗೆ ಈ ಗ್ರಂಥವನ್ನು ಹೇಳುವಾಗ ಚಿತ್ರಗಳ ಪ್ರಭೇದ, ವರ್ಣಗಳ ಮಿಶ್ರಣಗಳನ್ನು ವಿವರಿಸಿ ಮುಂದಕ್ಕೆ ಹೋಗುವುದು ನಮ್ಮ ವಾಡಿಕೆ. ರಾಜನಾದರೋ ಬಣ್ಣಕ್ಕೆ ಬರುವ ಮೊದಲು ಗೋಡೆಯ ಸಿದ್ಧತೆಯನ್ನು ಹೇಳುತ್ತಾನೆ. ಗಾರೆಯ ಭಿತ್ತಿಯನ್ನು ನುಣುಪುಗೊಳಿಸಬೇಕು. ಎಮ್ಮೆಯ ಹಸಿಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಬೇಕು. ಇದಕ್ಕೆ ವಜ್ರಲೇಪವೆಂದು ಹೆಸರು. ಬಿಳಿಯ ಮಣ್ಣನ್ನು ಈ ವಜ್ರಲೇಪದಲ್ಲಿ ಬೆರಸಿ, ಒಣಗಿದ ಭಿತ್ತಿಗೆ ಮೂರು ಸಲ ಲೇಪಿಸಬೇಕು. ಅನಂತರ ಶಂಖದ ಚೂರ್ಣ, ಆಮೇಲೆ ನಾಗವೆಂಬ ಬಿಳಿಯ ಖನಿಜದ ನಯವಾದ ಪುಡಿ, ಇವನ್ನೂ ಅಂಟಿನೊಡನೆ ಹಚ್ಚಿ ಕೈಯಿಂದ ಮೆಲ್ಲನೆ ಸವರಿ ಸಮಗೊಳಿಸಬೇಕು. ಚಿತ್ರ ಬರೆಯುವುದು ಇವೆಲ್ಲ ಆದ ಮೇಲೆ.

ಈ ವಿಧಿಯಲ್ಲಿ ದ್ರವ್ಯಗಳು ಒರಟಿನಿಂದ ನಯದ ಕಡೆಗೆ ಸಾಗುತ್ತವೆ. ಸುಣ್ಣದ ಗಾರೆಯು ನೀರನ್ನೂ ಅಂಟನ್ನೂ ಹೀರುವಂಥದು. ಅದರ ಮೇಲೆ ನೇರವಾಗಿ ಬಣ್ಣವಿಟ್ಟರೆ ಅಂಟು ಗೋಡೆಗೆ ಹೋಗಿ ಬಣ್ಣವು ಪುಡಿಯಾಗಿ ಉಳಿಯುತ್ತದೆ. ಅಂಟು ಬೆರೆತ ಪದರಗಳನ್ನು ಮೊದಲೇ ಲೇಪಿಸಿದರೆ ಗೋಡೆಯ ದಾಹವು ತೀರಿರುತ್ತದೆ. ಸರ್ಫೇಸರಿನ ಮೇಲೆ ಮುಚ್ಚುಲೇಪ ಏಕೆ ಬೇಕೆಂಬ ಪ್ರಶ್ನೆಗೆ ಆಟೋ ನಗರದಲ್ಲಿ ದೊರೆತ ಉತ್ತರವೂ ಇದೇ ಆಗಿದ್ದಿತು. ಹೀಗೆಂದ ಮಾತ್ರಕ್ಕೆ ಚಾಳುಕ್ಯರ ಕಾಲದಲ್ಲಿಯೇ ಮೋಟಾರಿನ ಬಣ್ಣದ ವಿದ್ಯೆಯಿತ್ತೆಂದು ನಾನು ಹೇಳುತ್ತಿಲ್ಲ. ಪುಷ್ಪಕ ವಿಮಾನವನ್ನು ಮುಂದಿಟ್ಟು ಹೆಮ್ಮೆಪಡುವ ಆ ಬಗೆಯ ಇತಿಹಾಸ ನಮಗೆ ಬೇಡ. ಹೀರುವ ತಳ, ಅದರ ಮೇಲೆ ನಿಲ್ಲಬೇಕಾದ ಬಣ್ಣ, ಇವೆರಡರ ನಡುವಿನ ತೊಡಕು ಎಲ್ಲ ಕಾಲಕ್ಕೂ ಒಂದೇ ಆದುದರಿಂದ ಕೈಗಳು ಕಂಡುಕೊಂಡ ಪರಿಹಾರವೂ ಒಂದನ್ನೊಂದು ಹೋಲುತ್ತದೆ ಎನ್ನುವಷ್ಟೇ ನನ್ನ ಮಾತು.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಈ ಪರಿಹಾರವು ಇನ್ನೂ ಜೀವಂತವಾಗಿದೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಿಂದ ಗೊಂಬೆಯ ಭಾಗಗಳನ್ನು ಕೆತ್ತಿ ಜೋಡಿಸಿದ ಮೇಲೆ, ಸೆಣಬಿನ ಚೂರುಗಳನ್ನು ಪುಡಿಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಬಣ್ಣವು ಬರುವುದು ನಾಲ್ಕನೆಯದಾಗಿ. ಕಿಟ್ಟವು ಪುಟ್ಟಿಯ ಸ್ಥಾನದಲ್ಲಿಯೂ ಕಲ್ಲಿನ ಲೇಪವು ಸರ್ಫೇಸರಿನ ಸ್ಥಾನದಲ್ಲಿಯೂ ಇರುವುದನ್ನು ವಾಚಕರೇ ಕಾಣಬಹುದು. ನಮ್ಮ ಜಿಲ್ಲೆಯ ಗೋಕಾಕದ ಬಣ್ಣದ ಮರದ ಹಣ್ಣುಗಳನ್ನು ಮನೆಗಳಲ್ಲಿ ಇಟ್ಟುಕೊಂಡವರು ಹಳೆಯದೊಂದರ ಚಕ್ಕೆ ಎದ್ದ ಜಾಗವನ್ನು ಭೂತಗನ್ನಡಿಯಿಂದ ನೋಡಲಿ. ಮರಕ್ಕೂ ಬಣ್ಣಕ್ಕೂ ನಡುವೆ ಇರುವುದನ್ನು ನೋಡುವ ಅಭ್ಯಾಸವು ಅಲ್ಲಿಂದಲೇ ಆರಂಭವಾಗಬಹುದು.

ಈ ಅಭ್ಯಾಸವು ನಮಗಿಲ್ಲದುದರಿಂದ ಆಗುವ ಹಾನಿ ಸಣ್ಣದಲ್ಲ. ಹಳೆಯ ದೇವಾಲಯಗಳ ಮೇಲೆ ಶತಮಾನಗಳಿಂದ ಬಳಿದ ಸುಣ್ಣವನ್ನೂ ಇತ್ತೀಚಿನ ಎನಾಮೆಲನ್ನೂ ತೆಗೆದು ಶುಭ್ರಗೊಳಿಸುವ ಉತ್ಸಾಹ ಹಲವೆಡೆ ಕಾಣುತ್ತದೆ. ಮರಳು ಸಿಡಿಸಿ ತೆಗೆದರೆ ಮೇಲಿನ ಎನಾಮೆಲಿನೊಡನೆ ಕೆಳಗಿನ ಗಾರೆ, ಅಂಟಿನ ಲೇಪ, ಅದಕ್ಕೆ ಹತ್ತಿದ ಮೊದಲ ಬಣ್ಣದ ಕಣ, ಕಲ್ಲಿನ ಉಳಿಯ ಗುರುತು ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅಂಗೈಯಗಲ ಜಾಗವನ್ನು ಇಳಿಜಾರಾಗಿ, ಒಂದೊಂದೇ ಪದರವಾಗಿ ತೆಗೆದು ಮೊದಲು ನೋಡಬೇಕೆಂಬುದನ್ನು ಸಂರಕ್ಷಣಾ ತಜ್ಞರು ಬಲ್ಲರು. ಗಾಡಿಯ ಬಣ್ಣಗಾರನೂ ಬಲ್ಲನು. ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಊರಿನವರಿಗೆ ಇದನ್ನು ಹೇಳಬೇಕಾದವರು ನಾವು, ನಾವು ಹೇಳುತ್ತಿಲ್ಲ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಉಜ್ಜಿದ ಧೂಳೂ ಸಿಂಪಡಿಸಿದ ಹನಿಯೂ ಕೆಲಸಗಾರನ ಎದೆಗೆ ಸೇರುತ್ತವೆ. ಹಳೆಯ ಗಾಡಿಗಳ ಬಣ್ಣ, ಪ್ರೈಮರುಗಳಲ್ಲಿ ಸೀಸ ಇರುವ ಸಂಭವವುಂಟು. ಭಾರತದಲ್ಲಿ 2017ರ ನವೆಂಬರಿನಿಂದ ಜಾರಿಗೆ ಬಂದ ನಿಯಮವು ಬಣ್ಣದಲ್ಲಿನ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗದೊಳಗೆ ಮಿತಗೊಳಿಸಿದ್ದು ಗೃಹಬಳಕೆಯ ಹಾಗೂ ಅಲಂಕಾರದ ಬಣ್ಣಗಳಿಗೆ. ಗಾಡಿಯ ಬಣ್ಣವು ಆ ನಿಯಮದ ಹೊರಗುಳಿಯಿತು. ಈಗಿನ ಎರಡು ಡಬ್ಬಿಯ ಮೇಲ್ಬಣ್ಣಗಳ ಹಾರ್ಡ್‌ನರಿನಲ್ಲಿರುವ ಐಸೋಸಯನೇಟು ಉಬ್ಬಸವನ್ನು ತರುವಂಥದು. ಒಮ್ಮೆ ಬಂದರೆ ಮುಂದೆ ಅದರ ಸ್ವಲ್ಪ ಸೋಂಕೂ ಸಾಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರವು ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡ ಬೇಕು. ನಾನು ನೋಡಿದ ಹೆಚ್ಚಿನ ಕಡೆಗಳಲ್ಲಿ ಕರವಸ್ತ್ರವೇ ಇದ್ದಿತು.

ನಮ್ಮ ಗಾಡಿಗೆ ಜನವರಿಯ ಒಣ ಚಳಿಯಲ್ಲಿ ಮತ್ತೆ ಕೆಲಸ ನಡೆಯಿತು. ಬಿಳಿಯನ್ನು ಉಜ್ಜಿ ತೆಗೆದು, ಕಡುಗೆಂಪನ್ನು ಆದಷ್ಟು ಇಳಿಸಿ, ಒಣಗಿಸಿ, ಎಪಾಕ್ಸಿಯ ಮುಚ್ಚುಲೇಪವನ್ನು ಹೊಡೆದು, ಅಂದೇ ಸಂಜೆಯೊಳಗೆ ಮೇಲ್ಬಣ್ಣ ಹಾಕಿದರು. ಬಣ್ಣ ಯಾವುದಿರಲೆಂದು ಕೇಳಿದಾಗ ಬಳೆಗಳೊಳಗಿನ ಕೆನೆಬಣ್ಣವನ್ನು ತೋರಿಸಿದೆನು. ತಂದೆಯವರೂ ಅದನ್ನೇ ನೆನಪಿಸಿಕೊಂಡರು. ಆಮೇಲೆ ಎರಡು ಮಳೆಗಾಲಗಳು ಕಳೆದಿವೆ. ಕೆಂಪು ಏರಿಲ್ಲ, ಬಾನೆಟ್ಟಿನಲ್ಲಿ ಗುಳ್ಳೆಯೂ ಇಲ್ಲ. ಡಿಕ್ಕಿಯ ಬಾಯಿಯ ಅಂಚಿನಲ್ಲಿ, ಮುಚ್ಚಳ ಎತ್ತಿದರೆ ಮಾತ್ರ ಕಾಣುವ ಒಂದು ಕಡೆ, ರೂಪಾಯಿಯಗಲದ ಬಳೆಗಳ ಗುರುತನ್ನು ಹಾಗೆಯೇ ಬಿಟ್ಟು ಬಣ್ಣವಿಲ್ಲದ ಪಾರದರ್ಶಕ ಲೇಪವನ್ನಷ್ಟೇ ಹೊಡೆಯಿರೆಂದು ಕೇಳಿಕೊಂಡೆನು. ಮಿಸ್ತ್ರಿಯವರು ನಕ್ಕು, ನಾನು ಕೇಳಿದಂತೆಯೇ ಮಾಡಿಕೊಟ್ಟರು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಬಂದು ಅದನ್ನು ನೋಡಬಹುದು. ಗಾಡಿಯು ಸಾಮಾನ್ಯವಾಗಿ ವಿಭಾಗದ ಹಿಂಬದಿಯ ಬೇವಿನ ಮರದ ಕೆಳಗೆ ನಿಂತಿರುತ್ತದೆ.